ಫಾರಂನಲ್ಲಿ ಬರೆಯದ ದೇವಿ

"ಕೂಡು ಅಂದ್ರ ಕೂಡಲ್ಲ. ಕಾಲಾಗ ಚಕ್ರ ಅದಾವೇನವ್ವ ನಿನಗ?" ನರ್ಸ್ ವಹೀದಾ ಕೇಳಿದಳು.

ನಂದಾ ಬೆಂಚಿನ ಮೇಲೆ ಕುಳಿತಳು. ಮತ್ತೆ ಎದ್ದಳು. ಬೀದರಿನ ಆಸ್ಪತ್ರೆಯ ವಾರ್ಡಿನ ಬಾಗಿಲಿನಾಚೆ ಅಪ್ಪ ಜ್ವರದಲ್ಲಿ ಮಲಗಿದ್ದ. ಎರಡು ತಿಂಗಳ ಹಿಂದೆ ಹೈದರಾಬಾದಿನಲ್ಲಿ ಅಪ್ಪನಿಗೆ ಆಯಿಯ ಒಂದು ಕಿಡ್ನಿ ಹಾಕಿದ್ದರು. ಆಯಿ ಎಂದರೆ ಅಪ್ಪನ ತಾಯಿ. ನಿನ್ನೆ ಡಾಕ್ಟರು, "ಕಿಡ್ನಿಯ ಜೊತೆ ಒಂದು ವೈರಸ್ಸೂ ಬಂದಿದೆ," ಎಂದಿದ್ದರು.

ಆಗಿನಿಂದ ನಂದಾಳಿಗೆ ಒಂದೇ ಚಿಂತೆ. ಆ ಫಾರಂ.

ಆಪರೇಶನ್‌ಗೆ ಮೊದಲು ಆಯಿಯ ಫಾರಂ ತುಂಬಿದ್ದು ಅವಳೇ. 'ಹಿಂದೆ ಬಂದ ರೋಗಗಳು' ಎಂದು ಓದಿದಾಗ ಆಯಿ, "ಇಲ್ಲ ಅಂತ ಬರಿ. ಸಣ್ಣಾಕಿದ್ದಾಗ ದೇವಿ ಬಂದಿದ್ದಳು, ಅಷ್ಟೇ," ಎಂದಿದ್ದಳು. ಮೈತುಂಬ ಗುಳ್ಳೆ ಎದ್ದರೆ ಅವರ ಊರು ಸಂತಪುರದಲ್ಲಿ ಯಾರೂ ಅದನ್ನು ರೋಗ ಎನ್ನುವುದಿಲ್ಲ. ದೇವಿ ಬಂದಳು ಎಂದು ಬಾಗಿಲಿಗೆ ಬೇವು ಕಟ್ಟುತ್ತಾರೆ.

ನಂದಾ 'ಇಲ್ಲ' ಎಂದು ಬರೆದಿದ್ದಳು.

ಗೆಳತಿಗೆ ಹೇಳೋಣವೆಂದರೆ ಅವಳ ಮನೆಗೆ ಬೀಗ. ಮಳೆ ಕಾಣದ ಎರಡನೆಯ ವರ್ಷ. ಗೆಳತಿಯ ಮನೆಯವರೆಲ್ಲ ಕಬ್ಬು ಕಡಿಯಲು ಪುಣೆ ಕಡೆ ಹೋಗಿದ್ದರು.

"ಸಿಸ್ಟರ್, ತಪ್ಪು ನಂದೇ ರಿ." ನಂದಾ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ವಹೀದಾ ನಗಲಿಲ್ಲ. "ಫಾರಂ ಒಂದೇ ನೋಡಿ ಕಿಡ್ನಿ ಹಾಕ್ತಾರೇನು? ರಕ್ತಾನೂ ತಪಾಸ ಮಾಡ್ಯಾರ. ಇದು ಆ ಗುಳ್ಳಿ ವೈರಸ್ ಅಲ್ಲ, ಬ್ಯಾರೆ. ಭಾಳ ಮಂದಿ ಮೈಯಾಗ ಸುಮ್ಮನ ಮಲಗಿರ್ತದ. ಹೊಸ ಕಿಡ್ನಿ ಉಳೀಲಿ ಅಂತ ನಿಮ್ಮಪ್ಪಗ ಕೊಡೋ ಗುಳಗಿ ಮೈ ಕಾಯೋ ಶಕ್ತಿ ಕಮ್ಮಿ ಮಾಡ್ತಾವ. ಆವಾಗ ಅದು ಏಳ್ತದ. ಔಷಧ ಚಾಲೂ ಆಗ್ಯದ, ಜ್ವರ ಇಳೀಲಿಕ್ಕತ್ತದ."

ಆಮೇಲೆ ಒಂದು ಹಾಳೆ ಕೊಟ್ಟಳು. "ಆದ್ರೂ ದೇವಿ ಸುದ್ದಿ ಡಾಕ್ಟರಿಗೆ ಗೊತ್ತಿರಬೇಕು. ನಿಮ್ಮ ಆಯಿಗೆ ಕೇಳಿ ಬರಕೊಂಡು ಬಾ."

ನಂದಾ ಓಡಿದಳು. ಆಯಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಬುತ್ತಿ ಬಿಚ್ಚಿರಲಿಲ್ಲ. ಕೈ ಪಕ್ಕೆಯ ಹೊಲಿಗೆಯ ಗುರುತಿನ ಮೇಲಿತ್ತು.

"ನನ್ನ ಮಗಗ ನಾನೇ ಬ್ಯಾನಿ ಕೊಟ್ಟೆ," ಎಂದಳು ಆಯಿ, ಯಾರಿಗೋ ಎಂಬಂತೆ.

ನಂದಾ ನಿಂತುಬಿಟ್ಟಳು. ಮೆಲ್ಲಗೆ ಪಕ್ಕದಲ್ಲಿ ಕುಳಿತಳು.

"ಆ ವೈರಸ್ ನಿನ್ನ ಮೈಯಾಗ ಸುಮ್ಮನ ಮಲಗಿತ್ತಂತ, ಆಯಿ. ನಿನಗ ಹ್ಯಾಂಗ ಗೊತ್ತಾಗಬೇಕು?"

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕರಕಿ ಹುಲ್ಲು ಇದ್ದಂಗೇನು? ಹೊಲಾ ಒಣಗಿದ್ರೂ ಬೇರು ಒಳಗ ಇರ್ತದಲ್ಲ."

"ಹ್ಞೂಂ. ಹಂಗೇ."

ನಂದಾ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಆಯಿಯ ಕೈಗಿಟ್ಟಳು.

"ದೇವಿ ಬಂದಾಗ ನೀ ಎಷ್ಟ ಸಣ್ಣಾಕಿದ್ದಿ?"

"ನಿನ್ನಷ್ಟೇ ಇದ್ದೆ."

ನಂದಾ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಪೆನ್ನು ಕೈಯಲ್ಲೇ ಇತ್ತು. ಆಯಿ ಎಲ್ಲ ಹೇಳಿ ಮುಗಿಸುವವರೆಗೂ ಅವಳು ಕೂತಲ್ಲಿಂದ ಏಳಲಿಲ್ಲ.