ಲೆಕ್ಕಕ್ಕೆ ಬಾರದ ವರ್ಷಗಳು

ಕಾಲಪಾಕ ಯಂತ್ರ ಸದ್ದು ಮಾಡುತ್ತಿರಲಿಲ್ಲ. ಕರಿಕಲ್ಲಹಾಳದ ಹಳ್ಳದ ಆಚೆ ದಂಡೆಯಿಂದ ಅದರ ಉಕ್ಕಿನ ಕೊಳವೆ ಓರೆಯಾಗಿ ಇಳಿದು, ಊರಿನ ಕೆಳಗೆ ಎರಡು ಮೈಲಿ ಆಳದಲ್ಲಿದ್ದ ಕಪ್ಪು ಜೇಡಿಗಲ್ಲನ್ನು ಮಾಗಿಸುತ್ತಿತ್ತು. ಎಣ್ಣೆ ಹುಟ್ಟುವುದು ಆ ಕಲ್ಲಿನಲ್ಲಿ. ಅದಕ್ಕೇ ಅದಕ್ಕೆ ತಾಯಿಶಿಲೆ ಎಂದು ಹೆಸರು. ಇಲ್ಲಿಯದು ಇನ್ನೂ ಎಳಸು. ಭೂಮಿ ತನ್ನ ಪಾಡಿಗೆ ಬೇಯಿಸಿದ್ದರೆ ಆರು ಕೋಟಿ ವರ್ಷ ಬೇಕಿತ್ತು. ಯಂತ್ರ ಕಲ್ಲಿನೊಳಗೆ ಮಾತ್ರ ಕಾಲವನ್ನು ಓಡಿಸುತ್ತಿತ್ತು. ಹುಟ್ಟಿದ ಎಣ್ಣೆ ಮೇಲೇರಿ, ಊರಿನಡಿ ಕಮಾನಿನಂತೆ ಬಾಗಿದ ಪದರಗಳ ನೆತ್ತಿಯಲ್ಲಿ ಸೇರಬೇಕು. ಕಮಾನಿನ ಅಂಚಿನಲ್ಲಿ ಪದರಗಳು ಸೀಳಿ ಜಾರಿದ್ದವು. ಆ ಸೀಳಿನ ಗುಂಟವೇ ಹಳ್ಳ ಹರಿಯುತ್ತಿತ್ತು.

ಶಾವಂತ್ರೆವ್ವನಿಗೆ ಹೊತ್ತೇ ಕೈಗೆ ಸಿಗುತ್ತಿರಲಿಲ್ಲ. ಅಡುಗೆ ಮುಗಿಯುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುತ್ತಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಮಗಳು ನಿಂಬೆವ್ವನಿಗೆ ಪಂಚಾಂಗದ ಪ್ರಕಾರ ಹನ್ನೆರಡು ತಿಂಗಳು. ಹೊಟ್ಟೆ ಮಾತ್ರ ಎಂಟು ತಿಂಗಳದ್ದು.

"ನನ್ನ ಕೂಸಿಗೆ ಹೊರಗ ಬರಾಕ ಮನಸ್ಸಿಲ್ಲ ಯವ್ವಾ. ಅವರಜ್ಜನಂಗ ಆಲಸಿ," ಎಂದು ನಗುತ್ತಿದ್ದ ನಿಂಬೆವ್ವ ಈಚೆಗೆ ನಗುವುದನ್ನು ಬಿಟ್ಟಿದ್ದಳು.

ಆ ಅಜ್ಜ, ಶಾವಂತ್ರೆವ್ವನ ಗಂಡ ಚನ್ನಬಸಪ್ಪ, ಪಡಸಾಲೆಯಲ್ಲಿ ಮಲಗಿದ್ದ. ತಿಂಗಳು ದಾಟುವುದಿಲ್ಲವೆಂದು ವೈದ್ಯರು ಕೈಬಿಟ್ಟು ಐದು ತಿಂಗಳಾಗಿದ್ದವು. ಅವನ ಉಸಿರು ನಿಲ್ಲದೇ ಇರುವುದು ಶಿವನ ಕರುಣೆಯೆಂದು ಶಾವಂತ್ರೆವ್ವ ದಿನವೂ ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

ಒಂದು ದಿನ ಯಂತ್ರ ಕಟ್ಟಿದ ಭೂವಿಜ್ಞಾನಿ ಮಂದಾಕಿನಿ ಕೆರೂರ ಹಳ್ಳ ದಾಟಿ ಅವಳ ಮನೆಗೆ ಬಂದಳು. ಕುಳಿತುಕೊಳ್ಳಲೂ ಇಲ್ಲ.

"ತಪ್ಪು ನಮ್ದು, ಶಾವಂತ್ರೆವ್ವಾರ. ಕಲ್ಲಿಗೆ ಕೊಡೋ ಕಾಲಾನ ಆಳದ ಬಂಡೆಗಳಿಂದ ತಗೊಂಡಿವಿ. ಲೆಕ್ಕದಾಗ ನೂರಿನ್ನೂರು ವರ್ಷ ಕಮ್ಮಿ ಬಿತ್ತು. ಕೋಟಿ ವರ್ಷ ಎಣಿಸೋ ಕಸುಬು ನಮ್ದು, ಅಷ್ಟನ್ನ ಬಿಟ್ಟುಬಿಡೋದು ರೂಢಿ. ಅದನ್ನ ಕಲ್ಲು ಈಗ ನಿಮ್ಮಿಂದ ಎಳಕೊಳ್ಳಾಕ ಹತ್ತೇತಿ. ಅದಕ್ಕ ನಿಮ್ಮೂರಾಗ ಹೊತ್ತು ಹೊರಗಿನಕಿಂತ ನಿಧಾನ ಸರೀತೈತಿ."

"ನೀವು ಬಿಟ್ಟ ಆ ನೂರಿನ್ನೂರರಾಗ ನಾವೆಲ್ಲಾರೂ ಅದೀವಲ್ರೀ ಬಾಯಾರ! ಬಂದ್ ಮಾಡ್ರಿ ಅದನ್ನ."

"ಬಂದ್ ಮಾಡೀವ್ರಿ. ಆದ್ರ ಮಾಗಾಕ ಹತ್ತಿದ ಕಲ್ಲು ಪೂರ್ತಿ ಮಾಗೋತನಕ ಬಿಡಂಗಿಲ್ಲ. ಇನ್ನೂ ಬಿರುಸಾಗತೈತಿ. ಸೀಳಿನ ಆಚೆ ಅದರ ಎಳೆತ ಇಲ್ಲ. ಈಗಿಂದೀಗ ಹಳ್ಳ ದಾಟ್ರಿ."

ಊರು ಟ್ರ್ಯಾಕ್ಟರು ಹತ್ತಿತು. ಚನ್ನಬಸಪ್ಪನನ್ನು ಎತ್ತಹೋದರೆ ಅವನ ಕಣ್ಣು ಮೇಲಾದವು. ಶಾವಂತ್ರೆವ್ವ ಅವನ ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿದಳು.

"ನೀ ನಡಿ ನಿಂಬಿ. ಬಾಯಾರು ಕೂಡ ಅದಾರ. ಇವರ ಬಾಯಿಗೆ ನೀರು ಬಿಡಾಕ ಒಬ್ಬರು ಬೇಕಲ್ಲ. ಮಣ್ಣು ಕೊಟ್ಟು ಬಂದುಬಿಡತೇನಿ."

"ಲಗೂನ ಬಾ ಯವ್ವಾ. ಹೆರೂವಾಗ ನೀ ಇರಬೇಕು."

ಶಾವಂತ್ರೆವ್ವ ಗಂಡನ ಕೈ ಹಿಡಿದು ಶಿವನಾಮ ನುಡಿಯುತ್ತ ಕುಳಿತಳು. ಗೋಡೆಯ ಮೇಲೆ ಹಗಲು ಇರುಳುಗಳು ದೀಪದ ಕುಡಿಯಂತೆ ಹೊಯ್ದಾಡಿದವು. ಆಮೇಲೆ ಎರಡೂ ಬೆರೆತು ಬೂದಿಬಣ್ಣದ ಒಂದೇ ಬೆಳಕಾಯಿತು. ಚನ್ನಬಸಪ್ಪ ಒಂದು ಸಲ ಅವಳತ್ತ ನೋಡಿ ಉಸಿರು ಬಿಟ್ಟ. ಊರು ಬಿಡಲೊಲ್ಲದೆ ಉಳಿದಿದ್ದ ಮುದುಕರಿಬ್ಬರು ಹಿತ್ತಲಲ್ಲಿ ಕುಣಿ ತೋಡಿದರು. ಹಿಡಿ ಮಣ್ಣು ಹಾಕಿ, ಕೈಯನ್ನೂ ತೊಳೆಯದೆ ಆಕೆ ಓಡಿ ಹಳ್ಳ ದಾಟಿದಳು.

ಆಚೆ ದಂಡೆಯಲ್ಲಿ ಯಂತ್ರ ತುಕ್ಕು ಹಿಡಿದು ಮಗ್ಗುಲಾಗಿ ಬಿದ್ದಿತ್ತು. ಅದರ ಪಕ್ಕದ ಕಲ್ಲಿನಿಂದ, ತನಗಿಂತ ಹಣ್ಣಾದ ಮುದುಕಿಯೊಬ್ಬಳು ಮೀಸೆ ನರೆತ ಗಂಡಸಿನ ಹೆಗಲು ಹಿಡಿದು ಎದ್ದಳು.

"ಯವ್ವಾ."

ಶಾವಂತ್ರೆವ್ವ ಮಣ್ಣು ಮೆತ್ತಿದ ಕೈಯಿಂದ ಅವಳ ಮುಖ ಮುಟ್ಟಿದಳು.

"ದಿನಾ ಬಂದು ಕುಂದರತಿದ್ದೆ," ಎಂದಳು ನಿಂಬೆವ್ವ. "ನೀ ಬಾಗಲದಾಗ ಕಾಣತಿದ್ದಿ. ಹೊಸ್ತಿಲ ದಾಟಾಕ ನಿನಗ ಎರಡು ತಿಂಗಳ ಹಿಡೀತು. ಕರಕೊಂಡು ಬರಾಕ ಒಳಗ ಕಾಲಿಟ್ಟಿದ್ರ, ತಿರುಗಿ ಬರೂದ್ರಾಗ ಆಗ ಕೂಸಿದ್ದ ಈ ನನ್ನ ಮಗ ಮುದುಕ ಆಗಿರತಿದ್ದ. ಅದಕ್ಕ ಬರಲಿಲ್ಲ. ಸಿಟ್ಟಾಗಬ್ಯಾಡ ಯವ್ವಾ."