ಬಾರದವರ ಪಾಲಿನ ಪಿಜ್ಜಾ

ಬಹಳ ಬಹಳ ಹಿಂದೆ, ಕೆಂಡಗಿರಿ ಅನ್ನುವ ಒಂದು ರಾಜ್ಯವಿತ್ತು. ಅಲ್ಲಿ ಅರಮನೆಯಿಂದ ಹಿಡಿದು ಕುರಿ ಕಾಯುವವರ ಗುಡಿಸಲಿನವರೆಗೆ ಮನೆಗೊಂದು ಮಣ್ಣಿನ ಗೂಡೊಲೆ, ವಾರಕ್ಕೊಮ್ಮೆ ಎಲ್ಲರ ಮನೆಯಲ್ಲೂ ಪಿಜ್ಜಾ. ಮನೆಯವರಲ್ಲಿ ಯಾರಾದರೂ ಹೊರಗೆ ಹೋಗಿದ್ದರೆ ಅವರ ಪಾಲು ಎತ್ತಿಡಬೇಕು, ಬಂದ ಮೇಲೆ ಗೂಡೊಲೆಯಲ್ಲಿ ಬಿಸಿ ಮಾಡಿ ಕೊಡಬೇಕು. ಅದಕ್ಕೆ ಬಾರದವರ ಪಾಲು ಅಂತ ಹೆಸರು. ಎಷ್ಟೇ ಹಸಿದರೂ ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಆ ನಾಡಿನಲ್ಲಿ ತಾಯವ್ವ ಅನ್ನುವವಳಿದ್ದಳು. ಅವಳ ಗಂಡ ಬೊಮ್ಮ, ಸೌದೆ ಕಡಿಯುವವನು. ಆಗಷ್ಟೇ ಹಲ್ಲು ಬರುತ್ತಿದ್ದ ಒಂದು ಕೂಸು.

ಬೊಮ್ಮ ಒಂದು ದಿನ ಬಡಗಣ ಕಾಡಿಗೆ ಹೋದ. ಅಂದೇ ಹಿಮಕರಾಳ ಅನ್ನುವ ಮಾಂತ್ರಿಕ ಬೆಟ್ಟದ ಮೇಲಿಂದ ಉಸಿರು ಬಿಟ್ಟ. ಬಿಸಿ ಹಬೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ನಾಡಿನ ಗೂಡೊಲೆಗಳೆಲ್ಲ ಹಿಮಗಟ್ಟಿದವು. ಕಾಡಿಗೆ ಹೋದವರು ಮರಳಲಿಲ್ಲ.

ತಾಯವ್ವ ಎತ್ತಿಟ್ಟ ಪಿಜ್ಜಾದ ಮೂರು ತುಂಡು ಹಾಗೇ ಉಳಿಯಿತು. ಆ ಚಳಿಗೆ ಅದು ಕೆಡಲೂ ಇಲ್ಲ.

"ಇನ್ನೆಲ್ಲಿ ಬರ್ತಾನೆ ಅವನು? ನೀನಾದರೂ ತಿನ್ನು," ಅಂದಳು ಪಕ್ಕದ ಮನೆಯವಳು.

"ಬರದಿದ್ದರೆ ನಾನೇ ಹೋಗಿ ಕೊಡ್ತೀನಿ. ನಿನ್ನ ಬಾಯಲ್ಲಿ ನೀರು ಬಂದಿದ್ದರೆ ಒರೆಸಿಕೋ," ಅಂದಳು ತಾಯವ್ವ.

ಕೂಸನ್ನು ಬೆನ್ನಿಗೆ ಕಟ್ಟಿದಳು. ಪಿಜ್ಜಾವನ್ನು ಬಟ್ಟೆಯಲ್ಲಿ ಸುತ್ತಿದಳು. ಕೈಗೊಂದು ಕಬ್ಬಿಣದ ಕಾವಲಿ. ಮಾಂತ್ರಿಕನ ತಲೆಗಾದರೂ ಬೇಕಾದೀತಲ್ಲ.

ಬೆಟ್ಟ ಹತ್ತಿ ಹೋದಳು. ಹಿಮಕರಾಳನ ಅರಮನೆಯಲ್ಲಿ ಸಾಲಾಗಿ ಜನ ಹಿಮ ಗುಡಿಸುತ್ತಿದ್ದರು. ಬೊಮ್ಮನೂ ಇದ್ದ. ಕಣ್ಣು ಗಾಜಿನ ಹಾಗೆ.

"ರೀ, ನಾನು," ಅಂದಳು.

"ಯಾರು?" ಅಂದ ಬೊಮ್ಮ.

ಹಿಮಕರಾಳ ನಕ್ಕ. "ಎದೆ ತಣ್ಣಗಾದವನಿಗೆ ಯಾರ ಗುರುತೂ ಇರೋದಿಲ್ಲ. ನಿನ್ನ ಕೈತುತ್ತು ಅವನ ಎದೆಯವರೆಗೂ ಬಿಸಿ ಮುಟ್ಟಿಸಿದರೆ ನನ್ನ ಮಾಯೆ ಮುರಿಯುತ್ತದೆ. ಆದರೆ ಇಲ್ಲಿ ಗೂಡೊಲೆ ಹತ್ತುವುದಿಲ್ಲ. ಮೂರು ತುಂಡು, ಮೂರು ಸಲ. ಆಮೇಲೆ ಅವನು ಪೂರಾ ಹಿಮ."

ಬಾಗಿಲಲ್ಲಿ ಒಂದು ಬೆಂಕಿನರಿ ಮಲಗಿತ್ತು. "ಅವಸರವೇನಕ್ಕ?" ಅಂತ ಕೇಳಿತು.

"ಅಲ್ಲದೆ ಮತ್ತೆ?"

ತಾಯವ್ವ ಮೊದಲ ತುಂಡನ್ನು ಕಾವಲಿಯ ಮೇಲಿಟ್ಟಳು, ನರಿ ಕೆಳಗೆ ಭರ್ರೆಂದು ಬೆಂಕಿ ಊದಿತು. ಪಿಜ್ಜಾದ ತಳ ಇದ್ದಿಲಾಯಿತು, ಮೇಲಿನ ಚೀಸು ಮೇಣದ ಹಾಗೆ ಗಟ್ಟಿಯಾಗೇ ಉಳಿಯಿತು. ಬೊಮ್ಮ ಕಚ್ಚಿ, "ಕಹಿ," ಅಂದ. ಅವನ ಕಾಲು ಮೊಣಕಾಲಿನವರೆಗೆ ಹಿಮವಾಯಿತು.

ಅರಮನೆಯ ಕೊಳದಲ್ಲಿ ಒಂದು ಹಬೆಮೊಸಳೆ ಇತ್ತು. ಅದರ ಬಾಯ ಹಬೆಗೆ ತಾಯವ್ವ ಎರಡನೇ ತುಂಡು ಹಿಡಿದಳು. ಚೀಸು ಚೆನ್ನಾಗಿ ಕರಗಿತು. ತಳ ಮಾತ್ರ ಒದ್ದೆ ಅರಿವೆಯ ಹಾಗೆ ಜೋತು ಬಿತ್ತು. ಬೊಮ್ಮ ಕಚ್ಚಿ, "ಒದ್ದೆ," ಅಂದ. ಹಿಮ ಎದೆಗೇರಿತು.

ತಾಯವ್ವ ಕೂತು ಅತ್ತಳು. ಅವಳು ಅತ್ತದ್ದಕ್ಕೆ ಕೂಸೂ ಅತ್ತಿತು. ಅದನ್ನು ಸಮಾಧಾನ ಮಾಡುತ್ತಾ ಅವಳಿಗೆ ಹೊಳೆಯಿತು. ನರಿ ಬರೀ ತಳಕ್ಕಾಯಿತು, ಮೊಸಳೆ ಬರೀ ಮೇಲಕ್ಕಾಯಿತು. ಎರಡೂ ಬೇಕು, ನಿಧಾನವಾಗಿ ಬೇಕು.

ಕೊಳದ ದಡದ ಮುದಿ ಆಮೆ ಕತ್ತು ಚಾಚಿತು. "ನನ್ನ ಹತ್ತಿರ ಬೆಂಕಿಯೂ ಇಲ್ಲ, ಹಬೆಯೂ ಇಲ್ಲ ಮಗಳೇ. ನಮ್ಮಜ್ಜಿಯ ಚಿಪ್ಪೊಂದು ಖಾಲಿ ಬಿದ್ದಿದೆ. ಮುಚ್ಚಳಕ್ಕಾದೀತು. ಮುಚ್ಚಿದ ಮೇಲೆ ಕಾಯೋದು ನಿನ್ನ ಕೆಲಸ."

ತಾಯವ್ವ ಕಣ್ಣೊರೆಸಿಕೊಂಡು ನರಿಯನ್ನು ಕರೆದಳು. "ಈ ಸಲ ಮಲಗಿದ ಕೂಸಿನ ಮುಖಕ್ಕೆ ಊದೋ ಹಾಗೆ ಊದು. ಮೊದಲಿನ ಹಾಗೆ ಊದಿದರೆ ಬಾಲ ಕಿತ್ತು ಕೈಗೆ ಕೊಡ್ತೀನಿ."

ನರಿ ಮೆಲ್ಲಗೆ ಊದಿತು. ಕಾವಲಿ ಹದವಾಗಿ ಕಾಯಿತು. ಕೊನೆಯ ತುಂಡನ್ನು ಒಣ ಕಾವಲಿಯ ಮೇಲಿಟ್ಟಳು. ಉಗುರಲ್ಲಿ ತಟ್ಟಿದಾಗ ತಳ ಟಕ್ ಅಂದಿತು. ಆಗ ಕಾವಲಿಯ ಅಂಚಿಗೆ, ಪಿಜ್ಜಾಕ್ಕೆ ತಾಗದ ಹಾಗೆ, ನಾಲ್ಕು ಹನಿ ನೀರು ಚಿಮುಕಿಸಿ ಚುಂಯ್ ಅನ್ನುವಷ್ಟರಲ್ಲಿ ಚಿಪ್ಪು ಮುಚ್ಚಿದಳು.

"ಹಿಮ ಅವನ ಕುತ್ತಿಗೆಗೆ ಬಂತು," ಅಂದ ಹಿಮಕರಾಳ. "ತೆಗೆದು ನೋಡಬಾರದೇ?"

ತಾಯವ್ವನ ಕೈ ಮುಚ್ಚಳದವರೆಗೆ ಹೋಯಿತು. ಹಿಂದಕ್ಕೆ ಎಳೆದುಕೊಂಡಳು.

"ಹಿಮ ಗದ್ದಕ್ಕೆ ಬಂತು. ನಿನಗೆ ಗಂಡನ ಮೇಲೆ ಕರುಣೆಯೇ ಇಲ್ಲ."

"ಗಳಿಗೆಗೊಂದು ಸಲ ತೆಗೆದರೆ ಬಿಸಿ ನಿಲ್ಲುತ್ತೇನೋ? ಒಲೆ ಮುಂದೆ ಒಂದು ದಿನವೂ ನಿಂತವನಲ್ಲ, ನೀನು ಹೇಳಿಕೊಡಬೇಡ." ಕೂಸಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾದಳು.

ಚಿಪ್ಪಿನ ಸಂದಿಯಿಂದ ಘಮ್ಮೆಂದು ವಾಸನೆ ಬಂತು. ತೆಗೆದಳು. ಚೀಸು ಗುಳ್ಳೆಯೇಳುತ್ತಿತ್ತು. ಬೊಮ್ಮನ ತುಟಿಗೆ ಹಿಡಿದಳು. ಕರುಮ್ ಅಂದಿತು. ಅವನು ಅಗಿದ, ನುಂಗಿದ. ಕಣ್ಣಲ್ಲಿ ನೀರಾಡಿತು.

"ಸುಡ್ತದಲ್ಲೇ ತಾಯವ್ವಾ," ಅಂದ.

"ಊದಿಕೊಂಡು ತಿನ್ನಿ. ಯಾರೂ ಕಿತ್ತುಕೊಳ್ಳಲ್ಲ," ಅಂದಳು.

ಬೊಮ್ಮನ ಮೈಯ ಹಿಮ ಕರಗಿತು. ಅವನ ಉಸಿರಿನ ಬಿಸಿಗೆ ಪಕ್ಕದವನು ಕರಗಿದ, ಅವನ ಬಿಸಿಗೆ ಮತ್ತೊಬ್ಬ. ಅರಮನೆ ತುಂಬ ಹಬೆಯಾಯಿತು. ಹಿಮಕರಾಳ ಹನಿಹನಿಯಾಗಿ ಇಳಿದು ಕೊಳ ಸೇರಿದ. ಕೆಂಡಗಿರಿಯ ಗೂಡೊಲೆಗಳು ತಾವಾಗೇ ಹತ್ತಿಕೊಂಡವು.

ಬೊಮ್ಮ ಅರ್ಧ ತಿಂದವನು ನಿಲ್ಲಿಸಿದ. ಹೆಂಡತಿಯ ಮುಖ ನೋಡಿದ.

"ನೀನು ಊಟ ಮಾಡಿ ಎಷ್ಟು ದಿನವಾಯಿತೇ?"

ದಾರಿಯುದ್ದಕ್ಕೂ ಅವಳನ್ನು ಯಾರೂ ಕೇಳದ ಮಾತು ಅದು. ಉಳಿದರ್ಧವನ್ನು ಅವನು ಊದಿ ಊದಿ ಅವಳಿಗೆ ತಿನ್ನಿಸಿದ. ಚೂರು ಅಂಚನ್ನು ಕೂಸು ವಸಡಿನಲ್ಲೇ ಕಚ್ಚಿತು.

ಮೂವರೂ ಮನೆಗೆ ಬಂದು ನೂರು ಕಾಲ ಬೆಚ್ಚಗೆ ಬಾಳಿದರು. ಅವರ ನಾಡಿನಲ್ಲಿ ಮತ್ತೆ ಯಾರೂ ತಣ್ಣಗೆ ಉಣ್ಣಲಿಲ್ಲ, ಯಾರೂ ಒಬ್ಬರೇ ಉಣ್ಣಲಿಲ್ಲ.