ಏಳು ಮನೆಯ ಬಾವಿ

ವಿನೋದಕ್ಕ ಕೊಟ್ಟ ಬೆಲ್ಲದ ಚೂರನ್ನು ನಿಖಿತಾ ಬಾಯಿಗೆ ಹಾಕಿಕೊಂಡಳು. ನೀರಿನ ಲೋಟವನ್ನು ಮಾತ್ರ ತುಟಿಯ ಹತ್ತಿರ ತಂದು ಮೆಲ್ಲನೆ ಕೆಳಗಿಳಿಸಿದಳು.

ಎದುರಿಗೆ ಕುಳಿತ ಜಿತೇಶ್ ಅದನ್ನು ಗಮನಿಸಿದ. ವಿನೋದಕ್ಕನ ಮಗ ಅವನು. ಆರು ತಿಂಗಳಿಂದ ನಿಖಿತಾಳ ಮುಖವನ್ನು ಕದ್ದು ಓದಿ ಅಭ್ಯಾಸವಾದವನು.

"ಎಂತ, ನಮ್ಮ ಮನೆಯ ನೀರು ಈಗ ಆಗುವುದಿಲ್ಲವಾ?" ನಗುತ್ತಲೇ ಕೇಳಿದ.

ಅವಳಿಗೆ ನಗು ಬರಲಿಲ್ಲ.

ಕಾರ್ಕಳದ ನಿಖಿತಾ ಮಣಿಪಾಲದ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಈ ಊರಿನ ಗುಡ್ಡದ ಮೇಲೆ ಕಸದ ಯಾರ್ಡ್ ಉಂಟು. ಅದರ ಕೊಳೆನೀರು ನೆಲದೊಳಗೆ ಇಳಿದು ಬಾವಿಗಳನ್ನು ಮುಟ್ಟುತ್ತಿದೆಯೇ ಎಂಬುದನ್ನು ನೀರಿನ ಸೂಕ್ಷ್ಮಜೀವಿಗಳಿಂದ ತಿಳಿಯುವುದು ಅವಳ ಕೆಲಸ. ಪಂಪುಸೆಟ್ ಮೆಕ್ಯಾನಿಕ್ ಜಿತೇಶನಿಗೆ ಸುತ್ತಲಿನ ಪ್ರತಿ ಬಾವಿಯ ಆಳವೂ ಗೊತ್ತು. ದಾರಿ ತೋರಿಸಲು ಒಂದು ದಿನಕ್ಕೆಂದು ಬಂದವನು ಪ್ರತಿ ಸಲವೂ ಬಂದ. ಅವಳ ಐಸ್ ಪೆಟ್ಟಿಗೆಯನ್ನು ಹೊತ್ತು, "ನಿಮ್ಮ ಬ್ಯಾಕ್ಟೀರಿಯಾಗಳಿಗೆ ನನಗಿಂತ ಒಳ್ಳೆ ಎಸಿ ಉಂಟು ಮಾರಾಯ್ರೆ" ಎನ್ನುತ್ತಿದ್ದ. ಅವಳು ತಲೆ ತಗ್ಗಿಸಿ ಬಾಟಲಿಗೆ ಲೇಬಲ್ ಅಂಟಿಸುತ್ತಿದ್ದಳು. ಅಂಟಿದ ಲೇಬಲನ್ನೇ ಎರಡೆರಡು ಸಲ ಒತ್ತುತ್ತಿದ್ದಳು.

ನಿನ್ನೆ ಬಂದ ರಿಪೋರ್ಟಿನಲ್ಲಿ ಅವನ ಮನೆಯ ಬಾವಿ ಬದಲಾಗಿತ್ತು. ಮಾಮೂಲಿ ಪರೀಕ್ಷೆಯ ಪ್ರಕಾರ ನೀರು ಕುಡಿಯಲು ಯೋಗ್ಯ. ಆದರೆ ಕೊಳೆನೀರನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚಿದ್ದವು. ಗೈಡ್ ಮೇಬಲ್ ಮೇಡಂ ಕನ್ನಡಕ ತೆಗೆದಿಟ್ಟು, "ಒಂದೇ ಸ್ಯಾಂಪಲ್ ನಂಬಿ ಊರನ್ನು ಹೆದರಿಸುವುದು ಬೇಡ. ಇನ್ನೊಮ್ಮೆ ತೆಗಿ. ಹತ್ತು ದಿನ ಯಾರಿಗೂ ಹೇಳಬೇಡ" ಎಂದಿದ್ದರು.

ಅಷ್ಟರಲ್ಲಿ ಜಿತೇಶನ ತಂಗಿ ತೃಷಾ ಒಳಗಿನಿಂದ ಬಂದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಅವಳಿಗೆ ಎಂಟು ತಿಂಗಳು. ಬಾವಿನೀರಿನ ನಳ್ಳಿಯಿಂದ ಬಾಟಲಿ ತುಂಬಿಸಿಕೊಂಡು ಅಲ್ಲೇ ನಿಂತು ಗಟಗಟನೆ ಕುಡಿದಳು.

ನಿಖಿತಾ ಎದ್ದಳು. "ಜಿತೇಶ್, ಸ್ವಲ್ಪ ಹೊರಗೆ ಬರುತ್ತೀರಾ?"

ಬಾವಿಕಟ್ಟೆಯ ಬಳಿ ಎಲ್ಲವನ್ನೂ ಹೇಳಿದಳು. ಅವನ ಮುಖದಲ್ಲಿದ್ದ ನಗು ಒಂದೊಂದು ಮಾತಿಗೂ ಇಳಿಯುತ್ತಾ ಹೋಯಿತು.

"ನಾವು ಕುದಿಸಿ ಕುಡಿಯಬಹುದು ಅಲ್ವಾ?"

"ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಅವು ಎಂತದನ್ನು ತಿನ್ನಲು ಬಂದಿವೆಯೋ ಅದು ನೀರಿನಲ್ಲೇ ಉಳಿಯುತ್ತದೆ."

"ಖಂಡಿತವಾ?"

"ಇಲ್ಲ. ಇವತ್ತು ಪುನಃ ಸ್ಯಾಂಪಲ್ ತೆಗೆಯುತ್ತೇನೆ. ಹತ್ತು ದಿನ ಬೇಕು."

"ಇದು ಅಪ್ಪ ತಾನೇ ಇಳಿದು ತೋಡಿದ ಬಾವಿ. ಏಳು ಮನೆಗೆ ಇಲ್ಲಿಂದಲೇ ನೀರು. ಖಂಡಿತ ಇಲ್ಲದ್ದನ್ನು ಹೇಗೆ ಹೇಳುತ್ತೀರಿ ನೀವು?" ಅವನು ಬೇರೆ ಕಡೆ ನೋಡಿದ. "ಸ್ಯಾಂಪಲ್ ತೆಗೆದುಕೊಂಡು ಹೊರಡಿ."

ಆ ದಿನ ಐಸ್ ಪೆಟ್ಟಿಗೆಯನ್ನು ಅವಳೇ ಹೊತ್ತು ನಡೆದಳು.

ಆಮೇಲೆ ಅವನಿಂದ ಒಂದು ಮೆಸೇಜೂ ಇಲ್ಲ. "ತೃಷಾ ಹೇಗಿದ್ದಾಳೆ?" ಎಂದು ಕಳಿಸಿದಳು. ಓದಿದ ಗುರುತಿನ ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ತಾನು ಹೇಳಿದ್ದು ಸುಳ್ಳಾದರೆ ಅವನ ವಿಶ್ವಾಸ ಹೋಯಿತು. ನಿಜವಾದರೆ ಅವನ ಬಾವಿಯೇ ಹೋಯಿತು. ಯಾವುದನ್ನು ಬೇಡಿಕೊಳ್ಳಲಿ ಎಂದು ತಿಳಿಯದೆ ಊಟ ಸೇರುತ್ತಿರಲಿಲ್ಲ.

ಹತ್ತನೆಯ ದಿನ ರಿಪೋರ್ಟ್ ಬಂತು. ನಿಜವೇ ಆಗಿತ್ತು. ಮೇಬಲ್ ಮೇಡಂ ಅಂದೇ ಪಂಚಾಯತಿಗೆ ಪತ್ರ ಬರೆದರು. ಅದನ್ನು ಮುಟ್ಟಿಸಿ, ಎದೆ ಗಟ್ಟಿ ಮಾಡಿಕೊಂಡು ನಿಖಿತಾ ಅವನ ಮನೆಗೆ ಬಂದಳು.

ಅಂಗಳದ ತುಂಬಾ ನೀರಿನ ಕ್ಯಾನುಗಳಿದ್ದವು. ಜಗಲಿಯಲ್ಲಿ ಕಾಲು ಚಾಚಿ ಕುಳಿತ ತೃಷಾ, "ನೀವು ಬಂದು ಹೋದ ಸಂಜೆಯೇ ಅಣ್ಣ ಪಂಪಿನ ಫ್ಯೂಸ್ ತೆಗೆದ" ಎಂದಳು. "ಅಲೆವೂರಿನ ಗೆಳೆಯನ ಬೋರ್‌ವೆಲ್ಲಿನಿಂದ ದಿನಾ ಓಮ್ನಿಯಲ್ಲಿ ಏಳು ಮನೆಗೂ ನೀರು ತರುತ್ತಾನೆ. ಎಲ್ಲರೂ ಬೈದರು. ಯಾರು ಹೇಳಿದ್ದು ಅಂತ ಕೇಳಿದರೆ ನನಗೇ ಸಂಶಯ ಅಂದ. ನಿಮ್ಮ ಹೆಸರು ಎತ್ತಲಿಲ್ಲ."

ಜಿತೇಶ್ ಬಾವಿಕಟ್ಟೆಯಲ್ಲಿ ಕುಳಿತಿದ್ದ. ಅವಳು ಹೇಳುವ ಮೊದಲೇ ತಿಳಿಯಿತು ಅವನಿಗೆ. ಕಟ್ಟೆಯ ಕಲ್ಲಿನ ಮೇಲೆ ಅಂಗೈ ಊರಿದ. ಅವಳೂ ಪಕ್ಕದಲ್ಲಿ ಕುಳಿತಳು.

"ಮೆಸೇಜಿಗೆ ಉತ್ತರ ಯಾಕೆ ಕೊಡಲಿಲ್ಲ?"

"ಮೊದಲ ದಿನ ಸಿಟ್ಟು. ಆಮೇಲೆ ಹೆದರಿಕೆ. ನೀವು ಮೇಡಂ ಮಾತು ಮೀರಿ ಹೇಳಿದ್ದು. ನಾನು ಬರೆದದ್ದು ಯಾರ ಕಣ್ಣಿಗಾದರೂ ಬಿದ್ದರೆ ನಿಮ್ಮ ಪಿಎಚ್‌ಡಿ ಎಂತ ಆಗಬೇಕು?"

"ನಾನು ಹೇಳಿದ್ದು ಸುಳ್ಳಾಗಿದ್ದರೆ?"

"ಇನ್ನಷ್ಟು ಬೈಗುಳ ತಿನ್ನುತ್ತಿದ್ದೆ." ಅವನು ತಿರುಗಿ ಅವಳನ್ನು ನೇರವಾಗಿ ನೋಡಿದ. "ಸುಳ್ಳಾಗಲಿ ಅಂತ ದಿನಾ ಕೈಮುಗಿದೆ ನಿಖಿತಾ. ಆದರೂ ಫ್ಯೂಸ್ ಹಾಕಲು ಮನಸ್ಸಾಗಲಿಲ್ಲ. ನಿನ್ನ ಮಾತಿನ ಮೇಲೆ ಅಷ್ಟು ನಂಬಿಕೆ."

ಅವನು ನೀನು ಎಂದದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು.

"ಕಾರ್ಕಳಕ್ಕೆ ಬಂದು ನಿನ್ನ ಅಪ್ಪನ ಹತ್ತಿರ ಮಾತಾಡಲಾ?"

"ಅಪ್ಪನಿಗೆ ನಾನೇ ಹೇಳಿಯಾಯಿತು."

"ಎಂತ ಹೇಳಿದೆ?"

"ಒಬ್ಬ ಪಂಪುಸೆಟ್ ಮೆಕ್ಯಾನಿಕ್ ಇದ್ದಾನೆ, ಅವನನ್ನು ಬಿಟ್ಟು ನನಗೆ ಬೇರೆ ಯಾರೂ ಬೇಡ. ಸದ್ಯಕ್ಕೆ ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ ಅಂತ."